ಹೂಮಳೆಗೆ ಬಿಟ್ಟ ಸೀಬೆ ಹೂವನ್ನು ಉಳಿಸಿಕೊಳ್ಳಬೇಡಿ

ನಮ್ಮ ಕೊಡಗಿನಲ್ಲಿ ಫೆಬ್ರವರಿ–ಮಾರ್ಚಿನ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗಾದ ಬೆನ್ನಿಗೇ ಹಿತ್ತಲ ಸೀಬೆಯೂ ಚಿಗುರಿ ಮೊಗ್ಗು ಕಟ್ಟುತ್ತದೆ. ನೋಡಲು ಚೆಂದ, ಆದರೆ ಹೂವು ಹಣ್ಣಾಗಲು ನಾಲ್ಕೂವರೆಯಿಂದ ಐದು ತಿಂಗಳು ಬೇಕು. ಲೆಕ್ಕ ಹಾಕಿ ನೋಡಿ, ಆ ಹಣ್ಣು ಮಾಗುವುದು ಸರಿಯಾಗಿ ಕಕ್ಕಡದ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯಲ್ಲಿ. ಬಿಸಿಲಿಲ್ಲದೆ ಸಿಹಿ ಕೂಡುವುದಿಲ್ಲ, ತಿರುಳು ನೀರುನೀರಾಗುತ್ತದೆ, ಹಣ್ಣುನೊಣದ ಕಾಟವೂ ಆಗಲೇ ಹೆಚ್ಚು. ಕೊಯ್ದು ನೋಡಿದರೆ ಒಳಗೆಲ್ಲ ಹುಳು. ಜಾತಿ ಸರಿಯಿಲ್ಲ ಎಂದು ಮರವನ್ನೇ ಕಡಿಸುವವರಿದ್ದಾರೆ. ಅದೇ ಮರ ಚಳಿಗಾಲದಲ್ಲಿ ಕೊಡುವ ಹಣ್ಣನ್ನು ಅವರು ತಿಂದಿರುವುದಿಲ್ಲ, ಅಷ್ಟೇ.

ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಯಾವಾಗ ಚಿಗುರಿಸುತ್ತೇವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕುಶಾಲನಗರ, ಶನಿವಾರಸಂತೆ ಕಡೆಯ ಕಡಿಮೆ ಮಳೆಯ ಜಾಗವಾದರೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಪೆನ್ಸಿಲ್ ದಪ್ಪದ ರೆಂಬೆಗಳ ತುದಿಯನ್ನು ಒಂದು ಗೇಣಿನಷ್ಟು ಕತ್ತರಿಸಿ. ಮೊಗ್ಗು, ಹೂವು, ಪೀಚು ಎಲ್ಲವೂ ಅದರ ಜೊತೆಗೇ ಹೋಗಲಿ, ಮರುಗಬೇಡಿ. ಜೂನ್ ಕೊನೆಯ ಹೊತ್ತಿಗೆ ಮತ್ತೆ ಹೂ ಬರುತ್ತದೆ, ಹುತ್ತರಿ ಹಬ್ಬದ ಸುಮಾರಿಗೆ, ಅಂದರೆ ನವೆಂಬರ್ ಕೊನೆ–ಡಿಸೆಂಬರಿಗೆ ಹಣ್ಣು ಶುರು. ಮಡಿಕೇರಿ, ಭಾಗಮಂಡಲದ ಕಡೆ ಈ ಲೆಕ್ಕ ನಡೆಯದು. ಜೂನ್–ಜುಲೈಯ ಹೂವನ್ನು ಮಳೆಯೇ ಉದುರಿಸಿಬಿಡುತ್ತದೆ. ಅಲ್ಲಿನವರು ಬೇಸಗೆಯ ಮೊಗ್ಗನ್ನು ಕೈಯಲ್ಲೇ ಚಿವುಟಿಹಾಕಿ, ಕತ್ತರಿ ಹಿಡಿಯುವುದನ್ನು ಕೈಲ್ ಮುಹೂರ್ತ ಕಳೆಯುವವರೆಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರದವರೆಗೆ ಮುಂದೂಡಬೇಕು. ಹಣ್ಣು ಫೆಬ್ರವರಿ ಕೊನೆ, ಮಾರ್ಚಿಗೆ ಸಿಗುತ್ತದೆ. ಆಗ ಮಳೆ ಇರುವುದಿಲ್ಲ, ಆದ್ದರಿಂದ ಡಿಸೆಂಬರಿನಿಂದ ವಾರಕ್ಕೊಮ್ಮೆ ನಾಲ್ಕೈದು ಬಿಂದಿಗೆ ನೀರು ಕೊಟ್ಟು ಬುಡಕ್ಕೆ ತರಗೆಲೆ ಮುಚ್ಚಿ. ಕಾಯಿ ಬಲಿಯುವಾಗ ಬುಡ ಒಣಗಿಸಿ ಆಮೇಲೆ ಒಮ್ಮೆಗೇ ನೀರು ಹಾಯಿಸಿದರೆ ಹಣ್ಣು ಸೀಳುತ್ತದೆ. ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಕಡಿದರೆ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ, ಇಲ್ಲವಾದರೆ ನಮ್ಮ ತೇವಕ್ಕೆ ಕೊಳೆ ಒಳಗಿಳಿಯುತ್ತದೆ.

ಮರವನ್ನು ಏಳಡಿಗಿಂತ ಎತ್ತರಕ್ಕೆ ಬಿಡಬೇಡಿ. ಕೈಗೆ ಸಿಗದ ಕಾಯಿಗೆ ಚೀಲ ಕಟ್ಟುವುದಾದರೂ ಹೇಗೆ? ಸಿಲ್ವರ್ ಓಕ್ ನೆರಳಲ್ಲಿ ನೆಟ್ಟ ಸೀಬೆ ಬರೀ ಎಲೆ ಬಿಡುತ್ತದೆ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹೊಸದಾಗಿ ನೆಡುವವರು ಎರಡಡಿ ಉದ್ದ, ಅಗಲ, ಆಳದ ಗುಂಡಿ ತುಂಬಿಸಿ ಮೇಲೆ ಒಂದಡಿ ದಿಬ್ಬ ಮಾಡಿ ನೆಡಿ, ಬುಡದಲ್ಲಿ ನೀರು ನಿಲ್ಲಬಾರದು. ಬೀಜದ ಗಿಡ ಬೇಡ. ಗೂಟಿ (ಮರದ ಮೇಲಿನ ಕೊಂಬೆಗೇ ಬೇರು ಬರಿಸಿ ಕತ್ತರಿಸಿದ ಗಿಡ) ಅಥವಾ ಕಸಿ ಗಿಡ ಎರಡು–ಮೂರು ವರ್ಷಕ್ಕೆ ಹಣ್ಣು ಕೊಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಮೆತ್ತನೆ ಬೀಜದ, ಬಿಳಿ ತಿರುಳಿನ ಅರ್ಕಾ ಮೃದುಲಾ ಜೆಲ್ಲಿಗೆ ಬಲು ಒಳ್ಳೆಯದು, ಕೆಂಪು ತಿರುಳು ಬೇಕಿದ್ದರೆ ಅರ್ಕಾ ಕಿರಣ್. ಅದೇ ಸಂಸ್ಥೆಯ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೂ ಇದೆ.

ಕಾಯಿ ಲಿಂಬೆ ಗಾತ್ರಕ್ಕೆ ಬಂದ ಕೂಡಲೇ ಚೀಲ ಕಟ್ಟಿ. ನೊಣ ಮೊಟ್ಟೆ ಇಡುವುದು ಕಾಯಿ ಬಲಿತು ಮೆತ್ತಗಾಗುವಾಗ, ಸಿಪ್ಪೆಯ ಒಳಗೆ. ಆಮೇಲೆ ಕಟ್ಟಿದರೆ ಹುಳುವನ್ನು ಒಳಗಿಟ್ಟು ಸಾಕಿದ ಹಾಗೆ. ಕಾಗದ ಇಬ್ಬನಿಗೆ ಹರಿಯುತ್ತದೆ, ಬಟ್ಟೆಯಂಥ ಬಿಳಿ ಚೀಲ ವಾಸಿ. ಪ್ಲಾಸ್ಟಿಕ್ ಆದರೆ ಕೆಳಗೆರಡು ತೂತು ಮಾಡಿ, ಇಲ್ಲದಿದ್ದರೆ ಒಳಗೆ ಬೆವರಿ ಕೊಳೆಯುತ್ತದೆ. ಈ ಚೀಲ ಬಾವಲಿಯನ್ನೂ ತಡೆಯುತ್ತದೆ, ಕಾಯಿಯ ಮೇಲೆ ಕಂದು ಕಜ್ಜಿ ಎಬ್ಬಿಸುವ, ಟೀ ಸೊಳ್ಳೆ ಎಂದು ಕರೆಯುವ ರಸ ಹೀರುವ ತಿಗಣೆಯನ್ನೂ ತಡೆಯುತ್ತದೆ. ಉದುರಿದ ಹಣ್ಣನ್ನು ದಿನವೂ ಹೆಕ್ಕಿ. ಹುಳು ಹಣ್ಣಿನಿಂದ ಹೊರಬಂದು ಮಣ್ಣಲ್ಲೇ ಕೋಶವಾಗುವುದರಿಂದ ಗೊಬ್ಬರ ಗುಂಡಿಗೆ ಎಸೆದರೆ ಏನೂ ಪ್ರಯೋಜನವಿಲ್ಲ. ದಪ್ಪ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ವಾರ ಬಿಸಿಲಲ್ಲಿಡಿ, ಇಲ್ಲವೇ ಎರಡಡಿ ಆಳಕ್ಕೆ ಹೂಳಿ.

ಕಡುಹಸಿರು ಹೋಗಿ ತಿಳಿಹಸಿರು ಬಂದಾಗ ತೊಟ್ಟು, ಒಂದೆಲೆ ಸಮೇತ ಕತ್ತರಿಸಿ. ಸೀಬೆ ಕೊಯ್ದ ಮೇಲೂ ಹಣ್ಣಾಗುತ್ತದೆ. ಫ್ರಿಜ್ಜಿನ ತೀರಾ ತಣ್ಣನೆಯ ಮೂಲೆಯಲ್ಲಿಟ್ಟರೆ ಸಿಪ್ಪೆ ಕಂದಾಗುತ್ತದೆ, ಪಕ್ಕದ ಬೆಣ್ಣೆಗೂ ವಾಸನೆ ಹತ್ತುತ್ತದೆ. 100 ಗ್ರಾಂ ಹಣ್ಣಿನಲ್ಲಿ 200 ಮಿಲಿಗ್ರಾಮಿನಷ್ಟು ಸಿ ಜೀವಸತ್ವ ಇರುತ್ತದೆ. ಕುದಿಸಿದರೆ ಅದರಲ್ಲಿ ಬಹುಪಾಲು ಹೋಗುವುದರಿಂದ ಮಕ್ಕಳಿಗೆ ಹಣ್ಣನ್ನೇ ಸಿಪ್ಪೆ ಸಮೇತ ಕೊಡಿ, ಮಿಕ್ಕಿದ್ದಕ್ಕೆ ಜೆಲ್ಲಿ.

ಜೆಲ್ಲಿಗೆ ಮುಕ್ಕಾಲು ಪಾಲು ದೋರುಗಾಯಿ, ಕಾಲು ಪಾಲು ಹಣ್ಣು. ಪೂರ್ತಿ ಹಣ್ಣಾದದ್ದರಲ್ಲಿ ಪೆಕ್ಟಿನ್ ಇಳಿದಿರುತ್ತದೆ, ಜೆಲ್ಲಿ ಗಟ್ಟಿಯಾಗದು. ಆ ಕಾಲು ಪಾಲು ಪರಿಮಳಕ್ಕಾಗಿ. ಹೆಚ್ಚಿದ ಒಂದು ಕಿಲೋ ಹೋಳುಗಳಿಗೆ ಒಂದೂವರೆ ಲೀಟರ್ ನೀರು ಹಾಕಿ ಅರ್ಧ ಗಂಟೆ ಬೇಯಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ. ನಾಲ್ಕೈದು ಗಂಟೆ ತಾನಾಗಿ ತೊಟ್ಟಿಕ್ಕಲಿ, ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ಒಂದು ಲೀಟರ್ ರಸಕ್ಕೆ 750 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ಲಿಂಬೆರಸ. ಹುಳಿಗೆಂದು ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹಣ್ಣುಹುಳಿ) ಹಾಕಿದರೆ ಬಣ್ಣ ಕೆಡುತ್ತದೆ. ಅದು ದೋರುಗಾಯಿ ಗೊಜ್ಜಿಗೆ ಇರಲಿ. ಅಗಲ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಕುದಿಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಪೆಕ್ಟಿನ್ ಒಡೆದು ಪಾಕವಾಗಿಯೇ ಉಳಿಯುತ್ತದೆ.

ಇನ್ನು ಥರ್ಮಾಮೀಟರಿನ ವಿಷಯ. ಪಾಕಪುಸ್ತಕಗಳಲ್ಲಿ 105 ಡಿಗ್ರಿ ಎಂದಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಇಲ್ಲಿ 105 ಮುಟ್ಟಿಸಹೊರಟರೆ ಜೆಲ್ಲಿ ಅಂಟುಬೆಲ್ಲವಾಗುತ್ತದೆ. ಮೊದಲು ಬರೀ ನೀರು ಕುದಿಸಿ ಅಳೆಯಿರಿ, ಅದರ ಮೇಲೆ ನಾಲ್ಕೂವರೆ ಡಿಗ್ರಿ ಸೇರಿಸಿ, ಅಲ್ಲಿಗೆ ಇಳಿಸಿ. ಥರ್ಮಾಮೀಟರ್ ಇಲ್ಲದವರು ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ತಳ್ಳಿ ನೋಡಿ, ಮೇಲೆ ನೆರಿಗೆ ಕಟ್ಟಿದರೆ ಆಯಿತು.

ಬಟ್ಟೆಯಲ್ಲಿ ಉಳಿದ ತಿರುಳನ್ನು ಎಸೆಯಬೇಡಿ. ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಕಿಲೋ ತಿರುಳಿಗೆ 800 ಗ್ರಾಂ ಸಕ್ಕರೆ ಹಾಕಿ ತಳ ಬಿಡುವವರೆಗೆ ಮಗುಚಿ, ಕೊನೆಗೆ ಎರಡು ಚಮಚ ತುಪ್ಪ. ತಟ್ಟೆಗೆ ಹರಡಿ ಮಾರನೆಯ ದಿನ ತುಂಡು ಮಾಡಿ ಗಾಜಿನ ಭರಣಿಯಲ್ಲಿಡಿ. ಮೇ ಒಳಗೆ ತಿಂದು ಮುಗಿಸಿ, ಮಳೆ ಹಿಡಿದ ಮೇಲೆ ತೇವ ಎಳೆದು ಬೂಸ್ಟು ಬರುತ್ತದೆ.