ಸೈಕಲ್ ಟೈರಿಗೆ ಗಾಳಿ ಎಷ್ಟು? ಹೆಬ್ಬೆರಳನ್ನು ಕೇಳಬೇಡಿ

ಭಾನುವಾರ ಬೆಳಿಗ್ಗೆ ಪುಣೆಯ ಕೊಥ್ರೂಡ್‌ನಿಂದ ಖಡಕ್‌ವಾಸ್ಲಾ ಕಡೆ ಸೈಕಲ್ ಹತ್ತುವ ನಮ್ಮ ಕನ್ನಡದ ಗೆಳೆಯರು ಹೊರಡುವ ಮೊದಲು ಒಂದು ಕೆಲಸ ತಪ್ಪದೇ ಮಾಡುತ್ತಾರೆ. ಟೈರನ್ನು ಹೆಬ್ಬೆರಳಲ್ಲಿ ಒತ್ತಿ 'ಗಾಳಿ ಸರಿ ಇದೆ' ಅನ್ನುತ್ತಾರೆ. ಪಂಕ್ಚರ್ ಅಂಗಡಿಯವನೂ ಹಾಗೇ ಒತ್ತಿ 'ಬಸ್, ಝಾಲಂ' (ಸಾಕು, ಆಯ್ತು) ಅಂತಾನೆ. ತೆಳು ಟೈರು 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೂ ಬೆರಳಿಗೆ ಗಟ್ಟಿ, 90 ಇದ್ದರೂ ಗಟ್ಟಿ. ಇದರಿಂದ ಏನು ಗೊತ್ತಾಗುತ್ತೆ ಹೇಳಿ?

ಮೊದಲು ಒತ್ತಡ ತೋರಿಸುವ ಗೇಜ್ ಇರುವ ಪಂಪು ತನ್ನಿ. ನೆಲದ ಮೇಲಿಟ್ಟು ಎರಡೂ ಕೈಯಲ್ಲಿ ಹೊಡೆಯುವಂಥದ್ದು. ಕಾಲಲ್ಲಿ ತುಳಿಯುವ ಅಗ್ಗದ ಪಂಪು ಬೇಡ, ಅದರ ಮುಳ್ಳು ಮನಸ್ಸಿಗೆ ಬಂದ ಕಡೆ ನಿಲ್ಲುತ್ತದೆ.

ಆಮೇಲೆ ಟೈರಿನ ಪಕ್ಕೆ ಒರೆಸಿ ಓದಿ. ಅಳತೆಯ ಜೊತೆ 50–75 ಪಿಎಸ್‌ಐ ಅಂತ ಏನಾದರೂ ಬರೆದಿರುತ್ತದೆ. ಬಾರ್ ಲೆಕ್ಕದಲ್ಲಿದ್ದರೆ 1 ಬಾರ್ ಅಂದರೆ 14.5 ಪಿಎಸ್‌ಐ.

ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ದೊಡ್ಡ ಸಂಖ್ಯೆ ಕಂಡ ಕೂಡಲೇ ಅಲ್ಲಿವರೆಗೂ ಹೊಡೆಯುತ್ತಾರೆ. ಅದು ದಾಟಬಾರದ ಗಡಿ, ಮುಟ್ಟಲೇಬೇಕಾದ ಗುರಿ ಅಲ್ಲ. ರಿಮ್ಮಿಗೂ ಬೇರೆ ಗಡಿ ಇರುತ್ತದೆ. ಎರಡರಲ್ಲಿ ಕಡಿಮೆ ಯಾವುದೋ ಅದೇ ಲೆಕ್ಕಕ್ಕೆ. ಹುಕ್‌ಲೆಸ್ ರಿಮ್ಮಾದರೆ, ಅಂದರೆ ಟೈರನ್ನು ಹಿಡಿಯಲು ಒಳ ಅಂಚಿನಲ್ಲಿ ಕೊಕ್ಕೆ ಇಲ್ಲದ್ದಾದರೆ, 5 ಬಾರ್, ಅಂದರೆ 72.5 ಪಿಎಸ್‌ಐ ದಾಟಲೇಬಾರದು.

ನಿಮಗೆ ಎಷ್ಟು ಬೇಕು ಅನ್ನುವುದು ನಿಮ್ಮ ತೂಕ ಮತ್ತು ಟೈರಿನ ಅಗಲದ ಮೇಲೆ ನಿಂತಿದೆ. ಅಗಲ ಜಾಸ್ತಿಯಾದಷ್ಟೂ ಗಾಳಿ ಕಡಿಮೆ ಸಾಕು. 70 ಕಿಲೋ ತೂಗುವವರ 35 ಮಿಮೀ ಹೈಬ್ರಿಡ್ ಟೈರಿಗೆ ಮುಂದೆ 50, ಹಿಂದೆ 55ರಿಂದ 60 ಹಾಕಿ ನೋಡಿ. ಎಂಟಿಬಿ, ಅಂದರೆ ಮೌಂಟನ್ ಬೈಕಿನ ಎರಡು ಇಂಚಿನ ಟೈರಿಗೆ ಡಾಂಬರು ರಸ್ತೆಯಲ್ಲಿ ಮುಂದೆ 35, ಹಿಂದೆ 40. ಹಿಂದೆ ಯಾಕೆ ಜಾಸ್ತಿ ಅಂದರೆ, ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಹಿಂದಿನ ಗಾಲಿಯ ಮೇಲೇ ಬೀಳುತ್ತದೆ.

ಇನ್ನು ಓಡಿಸಿ ನೋಡಿ. ಸಣ್ಣ ಉಬ್ಬಿಗೂ ಸೈಕಲ್ ಪುಟಿದು ಕೈ ಜೋಮು ಹಿಡಿದರೆ 5 ಪಿಎಸ್‌ಐ ಇಳಿಸಿ. ತಿರುವಿನಲ್ಲಿ ಟೈರು ಓಲಾಡಿದರೆ, ಗುಂಡಿಯಲ್ಲಿ ರಿಮ್ಮು ನೆಲಕ್ಕೆ ಬಡಿದ ಸದ್ದು ಬಂದರೆ 5 ಏರಿಸಿ. ಗಾಳಿ ಕಮ್ಮಿಯಾದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಾಗುತ್ತದೆ. ಅಂಗಡಿಯವನು ಮುಳ್ಳು ಹುಡುಕುತ್ತಾ ಕೂರುತ್ತಾನೆ, ಸಿಗುವುದಿಲ್ಲ. ಪುಣೆಯ ಮಳೆಗಾಲದಲ್ಲಿ ನಾನಂತೂ 5 ಕಡಿಮೆ ಮಾಡಿಯೇ ಹೊರಡುವುದು, ಹಿಡಿತ ಚೆನ್ನಾಗಿರುತ್ತದೆ. ಆದರೆ ಟೈರಿನ ಮೇಲಿನ ಕನಿಷ್ಠಕ್ಕಿಂತ ಕೆಳಗೆ ಇಳಿಸಬೇಡಿ. ಬೋಪದೇವ್ ಘಾಟ್ ಇಳಿಯುವವರಿಗೆ ಇನ್ನೊಂದು ಮಾತು: ರಿಮ್ ಬ್ರೇಕನ್ನು ಹಿಡಿದೇ ಇಳಿದರೆ ರಿಮ್ಮು ಕಾದು ಒಳಗಿನ ಒತ್ತಡ ಏರುತ್ತದೆ. ಮೊದಲೇ ಗಡಿ ಮುಟ್ಟಿಸಿಕೊಂಡು ಹೋದರೆ ಅಪಾಯ.

ಗಾಳಿ ಹೊಡೆಯುವುದು ಸುಲಭ. ವಾಲ್ವು ಬೈಕಿನದರಂತೆ ದಪ್ಪಗಿದ್ದರೆ ಅದು ಶ್ರೇಡರ್, ನೇರ ಹಚ್ಚಿ. ತೆಳ್ಳಗಿನ ಪ್ರೆಸ್ಟಾ ಆದರೆ ತುದಿಯ ಪುಟ್ಟ ನಟ್ಟು ಸಡಿಲಿಸಿ, ಒಮ್ಮೆ ಒತ್ತಿ 'ಚುಸ್' ಅನ್ನಿಸಿ ಆಮೇಲೆ ಹಚ್ಚಿ. ಪಂಪು ಕಿತ್ತಾಗ ಬರುವ ಸದ್ದಿಗೆ ಹೆದರಿ ಮತ್ತೆ ಹೊಡೆಯುವವರಿದ್ದಾರೆ. ಹೋಗುವುದು ಬಹುಪಾಲು ಪೈಪಿನ ಗಾಳಿ, ಸುಮ್ನೆ ಬಿಡಿ.

ಪೆಟ್ರೋಲ್ ಬಂಕಿನ ಗಾಳಿ ಮಾತ್ರ ಬೇಡವೇ ಬೇಡ. ಅದು ಕಾರಿಗೆ ಮಾಡಿದ ಯಂತ್ರ. ಸೈಕಲ್ ಟ್ಯೂಬಿನಲ್ಲಿ ಜಾಗ ಎಷ್ಟಿದೆ? ನೀವು 'ಸಾಕು' ಅನ್ನುವಷ್ಟರಲ್ಲಿ ಢಂ ಅಂದಿರುತ್ತದೆ.

ತೆಳು ಟೈರಾದರೆ ಪ್ರತಿ ಸಲ ಹೊರಡುವ ಮುಂಚೆ ನೋಡಿ, ಉಳಿದದ್ದಕ್ಕೆ ವಾರಕ್ಕೊಮ್ಮೆ ಸಾಕು. ರಬ್ಬರಿನೊಳಗಿಂದ ಗಾಳಿ ತಾನಾಗಿಯೇ ಸೋರುತ್ತಿರುತ್ತದೆ.

ಅಪ್ಪನ ಕಾಲದ ಕಪ್ಪು ಸೈಕಲ್ಲು ಇಟ್ಟುಕೊಂಡವರಿಗೆ ಗೇಜಿನಿಂದ ಅಷ್ಟು ಉಪಯೋಗವಿಲ್ಲ. ಅದರ ವಾಲ್ವು ಒಳಗಿನ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಸೀಟಿನ ಮೇಲೆ ಕೂತು, ಹಿಂದಿನ ಟೈರು ನೋಡಲು ಯಾರಿಗಾದರೂ ಹೇಳಿ. ನೆಲಕ್ಕೆ ತಾಗಿದ ಕಡೆ ತುಸು ಉಬ್ಬಿದರೆ ಸಾಕು, ಪಕ್ಕೆ ಮಡಚಬಾರದು. ಗಾಳಿ ದಿನವೂ ಇಳಿಯುತ್ತಿದ್ದರೆ ಮೊದಲು ವಾಲ್ವ್ ಟ್ಯೂಬ್, ಅಂದರೆ ವಾಲ್ವಿನ ಒಳಗಿನ ಪುಟ್ಟ ರಬ್ಬರ್ ಕೊಳವೆ ಬದಲಿಸಿ. ಹಳೇ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ, ನಾಲ್ಕು ತುಂಡು ಜಾಸ್ತಿಯೇ ತನ್ನಿ.