ಅಕ್ಕನ ಆಪರೇಷನ್‌ಗೆ ಬೇಗ ಡೇಟ್ ಸಿಕ್ಕಿದ್ದು ಹೇಗೆ

ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು ಅಂದರು, ಆದರೆ ಕೊಟ್ಟ ಡೇಟ್ ತಿಂಗಳುಗಟ್ಟಲೆ ದೂರ. ಅವಳೋ, "ಬಿಡು, ತಡ್ಕೋತೀನಿ" ಅನ್ನುವವಳು. ಹಾಗಾಗಿ ಓಡಾಟ ನನ್ನ ಪಾಲಿಗೆ ಬಂತು.

ಆಪರೇಷನ್‌ಗೆ ಕಾಯುವವರ ಪಟ್ಟಿಯಲ್ಲಿ ಅವಳನ್ನು ಯಾವ ಗುಂಪಿಗೆ ಹಾಕಿದ್ದಾರೆ ಅಂತ ಮೊದಲು ವಿಚಾರಿಸಿದೆ. ತುರ್ತು ಇಲ್ಲದ ಗುಂಪು. ಮೊದಲು ಬಂದವರಿಗೆ ಮೊದಲು ಅನ್ನೋಕೆ ಇದೇನು ಬಸ್ಸಿನ ಕ್ಯೂ ಅಲ್ವಲ್ಲ. ತೊಂದರೆ ಜಾಸ್ತಿ ಅಂತ ಯಾರ ಕಾಗದ ಹೇಳುತ್ತೋ ಅವರು ಮುಂದೆ. ನಮ್ಮ ಡಾಕ್ಟರು ಸರ್ಜನ್‌ಗೆ ಬರೆದುಕೊಟ್ಟಿದ್ದ ಅಕ್ಕನ ರೆಫರಲ್ ಪತ್ರದಲ್ಲಿ ಇದ್ದದ್ದು "ಆಗಾಗ ಹೊಟ್ಟೆನೋವು" ಅಷ್ಟೇ. ಆಮೇಲೆ ನೋವು ಎಷ್ಟು ಹೆಚ್ಚಾಯ್ತು ಅಂತ ಡೇಟ್ ಕೊಡುವವರಿಗೆ ಗೊತ್ತಾಗುವುದಾದರೂ ಹೇಗೆ?

ಒಂದು ನೋಟ್‌ಬುಕ್ ಇಟ್ಟೆ. ನೋವು ಯಾವಾಗ ಶುರುವಾಯ್ತು, ಎಷ್ಟು ಹೊತ್ತು ಇತ್ತು, ಬಲಭುಜಕ್ಕೂ ಹರಡಿತಾ, ವಾಂತಿ ಆಯ್ತಾ, ಕೆಲಸಕ್ಕೆ ರಜೆ ಹಾಕಿದಳಾ. "ತುಂಬಾ ನೋವು" ಅಂತ ಸುಮ್ನೆ ಬರೆಯಲಿಲ್ಲ. "ರಾತ್ರಿ 2ರಿಂದ 5ರವರೆಗೆ, ಮಲಗಲು ಆಗಲಿಲ್ಲ, ಎರಡು ಸಲ ವಾಂತಿ" ಅಂತ ಬರೆದೆ. ಅದನ್ನು ನೋಡಿ ನಮ್ಮ ಡಾಕ್ಟರು ಸರ್ಜನ್‌ಗೆ ಹೊಸ ಪತ್ರ ಕೊಟ್ಟರು. ಬಣ್ಣ ಕಟ್ಟಿ ಹೇಳೋದು ಮಾತ್ರ ಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ಮುಂದಿನ ನಿಜವನ್ನೂ ಯಾರೂ ನಂಬಲ್ಲ.

ಅಂದಹಾಗೆ, ಚಳಿಜ್ವರ, ಕಣ್ಣು ಹಳದಿಯಾಗುವುದು, ಗಂಟೆಗಟ್ಟಲೆ ಬಿಡದ ನೋವು ಬಂದರೆ ಪಟ್ಟಿಗಿಟ್ಟಿ ಅಂತ ಕಾಯಬಾರದು, ನೇರ ಎಮರ್ಜೆನ್ಸಿಗೆ ಹೋಗಬೇಕು.

ಇನ್ನೊಂದು ದಾರಿ ಅಂದರೆ ಕ್ಯಾನ್ಸಲ್ ಆದ ಜಾಗ. ಯಾರಿಗೋ ಜ್ವರ ಬಂದು, ಯಾರಿಗೋ ಶುಗರ್ ಏರಿ ಕೊನೇ ಗಳಿಗೆಯಲ್ಲಿ ಆಪರೇಷನ್ ನಿಲ್ಲುತ್ತಿರುತ್ತದೆ. ಆಗ ಕರೆಯುವುದು ತಯಾರಾಗಿ ಕೂತವರನ್ನೇ. ರಕ್ತಪರೀಕ್ಷೆ, ಇಸಿಜಿ, ಅರಿವಳಿಕೆ ಡಾಕ್ಟರ ತಪಾಸಣೆ ಎಲ್ಲ ಮುಗಿಸಿಟ್ಟೆವು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅದನ್ನು ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಬೇಕು, ತಾವಾಗೇ ನಿಲ್ಲಿಸಬಾರದು. ಡೇಟ್ ಬರೆಯುವ ಮೇಡಮ್‌ಗೆ, "ಹಿಂದಿನ ದಿನ ಹೇಳಿದರೂ ಬರ್ತೀವಿ ಮೇಡಮ್" ಅಂತ ಹೇಳಿ ಎರಡು ಫೋನ್ ನಂಬರ್ ಕೊಟ್ಟೆ. ಆಮೇಲೆ ವಾರಕ್ಕೊಮ್ಮೆ ಫೋನ್. ಜಗಳ ಇಲ್ಲ, ದಬಾಯಿಸೋದಿಲ್ಲ.

ಕರೆ ಬಂದಾಗ ನಾನು ಕೇಳಿದ್ದು ಎರಡೇ: ಊಟ ಯಾವಾಗ ನಿಲ್ಲಿಸಬೇಕು, ಬಿಪಿ ಮಾತ್ರೆ ನುಂಗಬೇಕಾ. ಊಟ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಿಸಿ, ಮಾತ್ರೆ ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ನುಂಗಲಿ ಅಂದರು.