ಜೆಸಿಬಿ ಇಲ್ಲದೆ ಜೀಪ್ ದಾರಿಯ ಮಣ್ಣು ಸಡಿಲಾಗಿದ್ದು: ನನ್ನ ಅನುಭವ

"ಹಾರೆ ಹಿಡ್ಕೊಂಡು ಕಾಡು ಸರಿ ಮಾಡ್ತೀಯಾ?" ಅಂದವರೇ ಈ ಸಲ ಮಳೆಗಾಲ ಮುಗಿದ ಮೇಲೆ ಬಂದು, ಗಾಡಿ ಓಡಿ ಗಟ್ಟಿಯಾದ ದಾರಿಗೆ ನಾನು ಹಾರೆಯಲ್ಲಿ ಹಾಕಿದ ತೂತಿನ ಅಳತೆ ಕೇಳಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರದಿಂದ ಬಿಸಿಲೆ ಕಡೆಗೆ ಕಾಫಿ ತೋಟ, ಅದರ ಮೇಲ್ಗಡೆ ಒಂದಿಷ್ಟು ಕಾಡು. ಕಾಫಿಗೆ ನೆರಳಿಗೆ ಅಂತ ಬೆಳೆಸೋ ಸಿಲ್ವರ್ ಓಕ್ ಮರ ಕೊಂಡ ವ್ಯಾಪಾರಿ ಆರಿದ್ರಾ ಮಳೆಯಲ್ಲೇ ಟ್ರ್ಯಾಕ್ಟರ್ ಇಳಿಸಿ ದಿಮ್ಮಿ ಎಳೆಸಿದ. ಆಮೇಲೆ ಅದೇ ದಾರಿಯಲ್ಲಿ ಹೋಂಸ್ಟೇ ಅತಿಥಿಗಳ ಜೀಪ್. ಸುಮಾರು ಮುನ್ನೂರು ಮೀಟರ್. ಮೂರ್ನಾಲ್ಕು ವರ್ಷದಲ್ಲಿ ಅಂಚಿನ ಮತ್ತಿ, ನಂದಿ ಮರಗಳ ತುದಿ ಒಣಗತೊಡಗಿತು. ಎಲ್ಲರೂ ರೋಗ ಅಂದರು, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡಿ ಅಂದರು. ರೋಗ ಅಲ್ಲ, ಗಾಡಿ ಭಾರಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯಿಲ್ಲ ಅಂತ ನಾನು ಅಂದೆ. ಇದು ಗೊತ್ತಾಗೋಕೆ ಒಂದು ಹಾರೆ ಸಾಕು. ಕಾಡಿನೊಳಗೆ ಸುಮ್ನೆ ಎತ್ತಿ ಬಿಟ್ಟರೆ ಅರ್ಧ ಅಡಿಗೂ ಜಾಸ್ತಿ ಇಳಿಯುತ್ತೆ, ದಾರಿ ಮೇಲೆ ಟಣ್ ಅಂತ ಪುಟಿಯುತ್ತೆ. ಪಿವಿಸಿ ಪೈಪಿನ ತುಂಡೊಂದನ್ನು ನೆಲಕ್ಕೆ ಹೊಡೆದು, ಒಂದು ಲೀಟರ್ ನೀರು ಸುರಿದು ಮೊಬೈಲಲ್ಲಿ ಟೈಮ್ ನೋಡಿದೆ. ಕಾಡಿನೊಳಗೆ ಮೂರು ನಿಮಿಷದೊಳಗೆ ಖಾಲಿ. ದಾರಿಯಲ್ಲಿ ಅರ್ಧ ಗಂಟೆಯಾದರೂ ನಿಂತೇ ಇತ್ತು.

ಮೊದಲು ಹಾಕಿಸಿದ್ದು ಜಲ್ಲಿ. ಒಂದೇ ಆಷಾಢದಲ್ಲಿ ಅರ್ಧ ಜಲ್ಲಿ ಕೆಳಗಿನ ಹಳ್ಳ ಸೇರಿತು. ಆಮೇಲೆ ಜೆಸಿಬಿ, ಗಂಟೆಗೆ ಸಾವಿರದ ಮೇಲೆ. ಕೆದರಿಸಿದ ದಿನ ನೋಡೋಕೆ ಚೆಂದವೇ ಇತ್ತು. ಆದರೆ ನೀರು ಎಳೆಯುವ ಸಣ್ಣ ಬೇರೆಲ್ಲ ಹೆಚ್ಚಾಗಿ ಮೇಲಿನ ಒಂದಡಿಯಲ್ಲೇ ಇರೋದು, ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಅವೇ ಕಿತ್ತು ಬಂದವು, ಹೆಬ್ಬೆರಳು ದಪ್ಪದ್ದೂ ಸೇರಿ. ಸಡಿಲಾದ ಮಣ್ಣು ಮಳೆಗೆ ರಾಡಿಯಾಗಿ, ಒಣಗಿದ ಮೇಲೆ ಮತ್ತೆ ಇಟ್ಟಿಗೆ. ಎರಡೂ ಸೇರಿ ಅರವತ್ತು ಸಾವಿರದ ಹತ್ತಿರ ಹೋಯ್ತು.

ಕೆಲಸ ಮಾಡಿದ್ದು ಇದು. ಮೊದಲು ಗಾಡಿಗೆ ಒಂದೇ ದಾರಿ ಅಂತ ತೀರ್ಮಾನ ಮಾಡಿದೆ. ಮಣ್ಣಿಗೆ ರೆಸ್ಟ್ ಸಿಗಲಿ ಅಂತ ವರ್ಷವರ್ಷ ದಾರಿ ಬದಲಿಸೋರಿದ್ದಾರೆ, ದಯವಿಟ್ಟು ಬೇಡ. ಒದ್ದೆ ನೆಲದಲ್ಲಿ ಭಾರದ ಗಾಡಿ ಮೊದಲ ನಾಲ್ಕೈದು ಸಲ ಓಡಾಡುವಾಗಲೇ ಬಹುಪಾಲು ಹಾನಿ ಆಗಿಬಿಡುತ್ತೆ. ದಾರಿ ಬದಲಿಸಿದಷ್ಟೂ ಹೊಸ ಜಾಗ ಕೆಡುತ್ತೆ, ಅಷ್ಟೇ. ಈಗ ಜೀಪ್ ಕೆಳಗಿನ ಶೆಡ್ಡಿನವರೆಗೆ ಮಾತ್ರ, ಮುಂದಕ್ಕೆ ನಡಿಗೆ. ನಡಿಗೆಯೂ ಸುಮ್ನೆ ಅಲ್ಲ. ಕೆಸರು ಕಂಡಲ್ಲಿ ಜನ ಪಕ್ಕಕ್ಕೆ ಇಳಿಯುತ್ತಾರೆ, ದಾರಿ ಅಗಲವಾಗುತ್ತಾ ಹೋಗುತ್ತೆ. ಹಾಗಾಗಿ ಕೆಸರಿಗೆಲ್ಲ ಚಪ್ಪಡಿ ಕಲ್ಲು ಕೂರಿಸಿದೆ. 2024ರ ಜನವರಿಯಲ್ಲಿ ಕುಮಾರಪರ್ವತ ಚಾರಣಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಬುಕಿಂಗ್ ಇಲ್ಲದೆ ಬಿಡಲ್ಲ, ದಿನಕ್ಕೆ ಇಷ್ಟೇ ಜನ ಅಂತ ಮಾಡಿತಲ್ಲ, ನಾನೂ ಒಂದು ಸಲಕ್ಕೆ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಕಳಿಸಲ್ಲ. ಜೀಪಿನ ದುಡ್ಡು ಹೋಯ್ತು, ನಿಜ. ತಿಂಗಳಿಗೆ ಏಳೆಂಟು ಸಾವಿರ.

ನಿಲ್ಲಿಸಿದ ದಾರಿಯಲ್ಲಿ ಹಾರೆ ಕೆಲಸ. ಕಾಫಿ ಹೂ ಅರಳಿಸೋ ಬೇಸಿಗೆಯ ಹೂಮಳೆ ಬಿದ್ದು ನಾಲ್ಕೈದು ದಿನಕ್ಕೆ ಶುರು ಮಾಡಬೇಕು. ಮುಂಚೆ ಹಾರೆ ಇಳಿಯಲ್ಲ. ನೆಲ ತೀರಾ ಒದ್ದೆಯಿದ್ದರೆ ತೂತಿನ ಗೋಡೆ ಮೆತ್ತಿಕೊಂಡು ನೀರು ಇಂಗಲ್ಲ. ಮರದ ಬುಡದಿಂದ ನಾಲ್ಕಡಿ ಬಿಟ್ಟು, ಎರಡಡಿಗೊಂದು ತೂತು, ಆಳ ಒಂದಡಿ. ಬೇರು ತಗುಲಿದರೆ ಪಕ್ಕಕ್ಕೆ ಸರಿಯಿರಿ. ಒಳಗೆ ಹಳೇ ಕಾಂಪೋಸ್ಟ್, ಇದ್ದಿಲ ಪುಡಿ, ಅದೇ ಜಾತಿಯ ಚೆನ್ನಾಗಿರೋ ಮರದ ಬುಡದ ಮಣ್ಣು ಒಂದು ಹಿಡಿ. ಯಾವುದೆಷ್ಟು, ಅದನ್ನು ನೆನೆಸೋದು ಯಾತರಲ್ಲಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ತೋಟಕ್ಕೆ ಬಂದರೆ ತೋರಿಸುತ್ತೇನೆ. ಮೇಲೆ ಅರ್ಧ ಅಡಿ ದರಗು, ಅಂದರೆ ಉದುರಿದ ಒಣ ಎಲೆ, ಅದರ ಮೇಲೆ ಸಿಲ್ವರ್ ರೆಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ. ಆಳಿನ ಕೂಲಿ ಎಲ್ಲಾ ಸೇರಿ ಮೂವತ್ತೈದು ಸಾವಿರ ಇರಬಹುದು.

ನಡುವೆ ಲಾವಂಚವನ್ನೂ ನೋಡಿದೆ. ಬಿಸಿಲು ಬೀಳುವ ತಿರುವಿನಲ್ಲಿ ಭರ್ಜರಿಯಾಗಿ ಬಂತು, ನೆರಳಲ್ಲಿ ಹಳದಿಯಾಗಿ ಸತ್ತಿತು. ಹುರುಳಿ ಚೆಲ್ಲಿದ್ದು ಮೊಲದ ಪಾಲು. ದರಗು ಕಡಿಮೆ ಬಿದ್ದ ಕಡೆ ಕಾಫಿ ಸಿಪ್ಪೆ ಹಾಕಿದೆ, ಹುಳು ಬಂದವು, ಹುಳಕ್ಕೆ ಕಾಡುಹಂದಿ ಬಂದು ಎಲ್ಲಾ ಕೆದರಿದವು. ಆ ಹತ್ತು ಮೀಟರಿಗೆ ಈಗ ಸಿಪ್ಪೆ ಬಿಟ್ಟು ಬರೀ ದರಗು ಹೊತ್ತು ಹಾಕಿಸುತ್ತಿದ್ದೇನೆ.

ಎರಡನೇ ಮಳೆಗಾಲ ಕಳೆದ ಮೇಲೆ ಅದೇ ಪೈಪು, ಅದೇ ಒಂದು ಲೀಟರ್. ಎಂಟು ಹತ್ತು ನಿಮಿಷಕ್ಕೆ ಇಂಗಿತು. ದರಗು ಸರಿಸಿದರೆ ಎರೆಹುಳದ ಹಿಕ್ಕೆ, ಅದರ ಮಧ್ಯೆ ತೂತಿನೊಳಕ್ಕೆ ಇಳಿದ ಬಿಳಿ ಬೇರು. ಮತ್ತಿಗಳು ಚಿಗುರಿವೆ. ನಂದಿ ಒಂದು ಹೋಯ್ತು, ಉಳಿಸೋಕೆ ಆಗಲಿಲ್ಲ, ಇವತ್ತಿಗೂ ಬೇಜಾರಿದೆ. ಒಂದಡಿಗಿಂತ ಕೆಳಗೆ ಮಣ್ಣು ಇನ್ನೂ ಗಟ್ಟಿಯೇ. ಅದಕ್ಕೆ ಹತ್ತಾರು ವರ್ಷ ಬೇಕು, ಯಾರೂ ಬೇಗ ಮಾಡೋಕಾಗಲ್ಲ.

ಈ ಸಲ ಸಿಲ್ವರ್ ಮಾರುವಾಗ ಕರಾರಿನಲ್ಲೇ ಬರೆಸಿದ್ದೇನೆ. ಎಳೆಯೋದು ಜನವರಿಯಿಂದ ಮಾರ್ಚ್ ಒಳಗೆ, ದಿಮ್ಮಿ ಬರೋದು ಗಾಡಿಗೆ ಅಂತ ಇಟ್ಟ ಅದೇ ಒಂದು ದಾರಿಯಲ್ಲಿ, ಮಳೆ ಬಂದರೆ ಟ್ರ್ಯಾಕ್ಟರ್ ನಿಲ್ಲಬೇಕು. ವ್ಯಾಪಾರಿ ರೇಟು ಸ್ವಲ್ಪ ಇಳಿಸಿದ. ಒಪ್ಪಿಕೊಂಡೆ.